ಕತ್ತಲಲ್ಲಿ ಸಿಡಿಯುವ ಪಿಸ್ತೂಲು: ನಳಿಗೆಯ ಮಿಂಚು ಮತ್ತು ಮನುಷ್ಯನ ಕಣ್ಣು

ಪಿಸ್ತೂಲು ಅಥವಾ ರಿವಾಲ್ವರಿನಿಂದ ಗುಂಡು ಹಾರಿದಾಗ ನಳಿಗೆಯ ಬಾಯಲ್ಲಿ ಕ್ಷಣಮಾತ್ರ ಹೊಳೆದು ಮಾಯವಾಗುವ ಬೆಂಕಿಯನ್ನು ‘ಮಝಲ್ ಫ್ಲ್ಯಾಶ್’ ಎನ್ನುತ್ತಾರೆ. ಹಗಲು ಹೊತ್ತಿನಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. ಕತ್ತಲಾದ ಮೇಲೆ ಅದೇ ಬೆಂಕಿ ಗುಂಡು ಹೊಡೆದವರ ಕಣ್ಣನ್ನು ಕೋರೈಸುತ್ತದೆ, ಅವರು ನಿಂತ ಜಾಗವನ್ನು ಸುತ್ತಲಿನವರಿಗೆ ತೋರಿಸಿಕೊಡುತ್ತದೆ.

ಈ ಮಿಂಚಿನ ಬಗ್ಗೆ ಎರಡು ನಂಬಿಕೆಗಳು ಚಾಲ್ತಿಯಲ್ಲಿವೆ. ಕತ್ತಲಲ್ಲಿ ಒಂದು ಗುಂಡು ಹೊಡೆದರೆ ಸಾಕು, ಹೊಡೆದವರಿಗೆ ಏನೂ ಕಾಣದಂತಾಗುತ್ತದೆ ಎಂಬುದು ಒಂದು. ಆ ಬೆಳಕಿನಲ್ಲೇ ಎದುರಿಗಿರುವವರು ಯಾರೆಂದು ಗೊತ್ತಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅತಿಶಯ ಹೆಚ್ಚು, ಎರಡನೆಯದರಲ್ಲಿ ಅಪಾಯ ಹೆಚ್ಚು. ಮದ್ದಿನ ರಸಾಯನಶಾಸ್ತ್ರವನ್ನೂ ಕಣ್ಣಿನ ಕೆಲಸವನ್ನೂ ಜೊತೆಗಿಟ್ಟು ನೋಡಿದರೆ ನಿಜ ಯಾವುದೆಂದು ತಿಳಿಯುತ್ತದೆ.

## ಗುಂಡು ಹಾರುವಷ್ಟರಲ್ಲಿ ನಡೆಯುವುದು

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕವಚ, ಅದರ ತಳದಲ್ಲಿ ಸುಮಾರು ನಾಲ್ಕೂವರೆ ಮಿಲಿಮೀಟರ್ ಅಗಲದ ಪ್ರೈಮರ್, ಒಳಗೆ ಮದ್ದು, ಮುಂದೆ ಗುಂಡು. ಜಗತ್ತಿನಾದ್ಯಂತ ಪೊಲೀಸರೂ ಸೈನಿಕರೂ ಬಳಸುವ 9 ಎಂಎಂ ಕಾಡತೂಸಿನಲ್ಲಿ ಇರುವ ಮದ್ದು ಅರ್ಧ ಗ್ರಾಮಿಗೂ ಕಡಿಮೆ. ಟ್ರಿಗರ್ ಎಳೆದಾಗ ಫೈರಿಂಗ್ ಪಿನ್ ಪ್ರೈಮರಿಗೆ ಬಡಿಯುತ್ತದೆ, ಅಲ್ಲಿ ಹುಟ್ಟಿದ ಕಿಡಿ ಮದ್ದಿಗೆ ತಗಲುತ್ತದೆ, ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಶಾಖ 2,000 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. 9 ಎಂಎಂ ಕಾಡತೂಸಿನ ಒತ್ತಡಕ್ಕೆ ನಿಗದಿಯಾದ ಗರಿಷ್ಠ ಮಿತಿ 235 ಮೆಗಾಪಾಸ್ಕಲ್; ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2,300 ಪಟ್ಟು.

ಗ್ಲಾಕ್ 17 ಪಿಸ್ತೂಲಿನ ನಳಿಗೆ 114 ಮಿಲಿಮೀಟರ್ ಉದ್ದವಿದೆ. ಇಷ್ಟು ದೂರವನ್ನು ಗುಂಡು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಬೇಗ ದಾಟಿ, ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅಲ್ಲಿಯವರೆಗೆ ಗುಂಡೇ ನಳಿಗೆಗೆ ಬಿರಡೆಯಾಗಿರುತ್ತದೆ. ಬಿರಡೆ ಹಾರಿದ ಕ್ಷಣ, ಇನ್ನೂ ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿರುವ ಬಿಸಿ ಅನಿಲ ಒಮ್ಮೆಗೇ ಹೊರನುಗ್ಗುತ್ತದೆ. ನಾವು ಕೇಳುವ ಢಂ ಎಂಬ ಸದ್ದಿಗೂ ಕಾಣುವ ಬೆಂಕಿಗೂ ಮೂಲ ಈ ಅನಿಲವೇ.

## ಮಿಂಚಿನ ಹಂತಗಳು

ಬರಿಗಣ್ಣಿಗೆ ಒಂದೇ ಹೊಳಪಿನಂತೆ ಕಾಣುವ ಈ ಬೆಂಕಿಯನ್ನು ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದು ನಿಧಾನವಾಗಿ ನೋಡಿದರೆ ಹಲವು ಹಂತಗಳು ಬೇರೆಬೇರೆಯಾಗಿ ಕಾಣುತ್ತವೆ. ಗುಂಡಿನ ಅಂಚಿನಿಂದ ನುಸುಳಿದ ಸ್ವಲ್ಪ ಅನಿಲ ಗುಂಡಿಗಿಂತ ಮೊದಲೇ ಹೊರಬಂದು ಮಂದವಾಗಿ ಮಿನುಗುತ್ತದೆ. ಗುಂಡು ಹೊರಬಿದ್ದ ಕೂಡಲೇ ನಳಿಗೆಯ ಬಾಯಿಗೆ ಅಂಟಿದಂತೆ ಹೊಳೆಯುವುದು ಪ್ರಾಥಮಿಕ ಮಿಂಚು. ಇದು ಅನಿಲದ ಸ್ವಂತ ಶಾಖದ ಹೊಳಪು. ಅನಿಲ ಹಿಗ್ಗುತ್ತ ಬೇಗ ತಣಿಯುವುದರಿಂದ ಇದಕ್ಕೆ ಆಯುಸ್ಸು ಕಡಿಮೆ.

ಹಿಗ್ಗಿದ ಅನಿಲ ಮುಂದೆ ಹೋಗಿ ತಾನೇ ಎಬ್ಬಿಸಿದ ಆಘಾತ ತರಂಗವನ್ನು ದಾಟುವಾಗ ಮತ್ತೆ ಅದುಮಿಕೊಂಡು ಬಿಸಿಯೇರುತ್ತದೆ. ಬಾಯಿಯಿಂದ ತುಸು ದೂರದಲ್ಲಿ ಕಾಣುವ ಈ ಹೊಳಪು ಮಧ್ಯಂತರ ಮಿಂಚು. ದ್ವಿತೀಯ ಮಿಂಚು ಬರುವುದು ಇದಾದ ಮೇಲೆ. ನಳಿಗೆಯೊಳಗೆ ಆಮ್ಲಜನಕ ಸಾಲದ್ದರಿಂದ ಮದ್ದು ಉರಿದರೂ ಅದರ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಉಳಿದಿರುತ್ತವೆ. ಇವೆರಡೂ ಉರಿಯುವಂಥವು. ಹೊರಗಿನ ಗಾಳಿಯೊಡನೆ ಬೆರೆತಾಗ ಶಾಖ ಸಾಕಷ್ಟಿದ್ದರೆ ಅವು ಹೊತ್ತಿಕೊಳ್ಳುತ್ತವೆ. ಅಡುಗೆಮನೆಯಲ್ಲಿ ಗ್ಯಾಸ್ ತಿರುಗಿಸಿ ಲೈಟರ್ ಒತ್ತುವುದು ತಡವಾದರೆ ಒಲೆಯ ಸುತ್ತ ಹರಡಿದ ಗ್ಯಾಸ್ ‘ಭಗ್’ ಎಂದು ಹೊತ್ತಿಕೊಳ್ಳುತ್ತದಲ್ಲ, ಇಲ್ಲೂ ಅದೇ ಆಗುವುದು. ಕಣ್ಣು ಕುಕ್ಕುವಂತೆ ಉಬ್ಬಿದ ದೊಡ್ಡ ಬೆಂಕಿಯುಂಡೆ ಕಂಡರೆ ಅದು ಬಹುಮಟ್ಟಿಗೆ ಈ ದ್ವಿತೀಯ ಮಿಂಚೇ. ಇವುಗಳ ಜೊತೆಗೆ ಪೂರ್ತಿ ಉರಿಯದ ಮದ್ದಿನ ಕಣಗಳು ಕಿಡಿಗಳಾಗಿ ಹಾರುತ್ತವೆ. ಇಡೀ ಪ್ರಸಂಗ ಮುಗಿಯುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ.

## ಯಾವ ಪಿಸ್ತೂಲಿನಲ್ಲಿ ಬೆಂಕಿ ಹೆಚ್ಚು

ಒಂದೇ ಕಾಡತೂಸನ್ನು ಉದ್ದ ನಳಿಗೆಯಲ್ಲೂ ಗಿಡ್ಡ ನಳಿಗೆಯಲ್ಲೂ ಹಾರಿಸಿದರೆ ಗಿಡ್ಡದರಲ್ಲಿ ಬೆಂಕಿ ದೊಡ್ಡದು. ಉದ್ದ ನಳಿಗೆಯಲ್ಲಿ ಗುಂಡನ್ನು ತಳ್ಳುತ್ತ ತಳ್ಳುತ್ತ ಅನಿಲದ ಒತ್ತಡವೂ ಶಾಖವೂ ಇಳಿದಿರುತ್ತವೆ. ಗಿಡ್ಡ ನಳಿಗೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಜೇಬಿಗೆ ಹಿಡಿಸುವ ಕೈಬಂದೂಕುಗಳು ರಾತ್ರಿ ಹೊತ್ತು ಹೆಚ್ಚು ಬೆಂಕಿ ಕಾರುವುದು ಇದರಿಂದಲೇ.

ಮದ್ದಿನ ಜಾತಿಯೂ ಮುಖ್ಯ. ಬೇಗ ಉರಿಯುವ ಮದ್ದು ನಳಿಗೆಯ ಮೊದಲ ಭಾಗದಲ್ಲೇ ಕೆಲಸ ಮುಗಿಸುತ್ತದೆ. ನಿಧಾನವಾಗಿ ಉರಿಯುವ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ತುಂಬುವ ಕಾಡತೂಸುಗಳು ಬಾಯಿಯ ಹತ್ತಿರ ಬಂದಾಗಲೂ ಬಿಸಿ ಅನಿಲವನ್ನು ಧಾರಾಳವಾಗಿ ಉಳಿಸಿಕೊಂಡಿರುತ್ತವೆ. 1935ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ .357 ಮ್ಯಾಗ್ನಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕೆಲವು ಕಾಡತೂಸುಗಳಲ್ಲಿ ಸುಮಾರು ಒಂದು ಗ್ರಾಂ ಮದ್ದಿರುತ್ತದೆ. ಅದನ್ನು ಎರಡು ಇಂಚಿನ ನಳಿಗೆಯ ರಿವಾಲ್ವರಿನಲ್ಲಿ ಕತ್ತಲಲ್ಲಿ ಹಾರಿಸಿದರೆ ಕೈಯ ಮುಂದೆ ಬೆಂಕಿಯ ಚೆಂಡೇ ಎದ್ದಂತಾಗುತ್ತದೆ. ಕಾನ್ಪುರದಲ್ಲಿ ತಯಾರಾಗಿ ಭಾರತದ ಪರವಾನಗಿದಾರರಲ್ಲಿ ಬಳಕೆಯಲ್ಲಿರುವ .32 ರಿವಾಲ್ವರಿನ ಕಾಡತೂಸು ಇದರ ಮುಂದೆ ತೀರಾ ಸೌಮ್ಯ. ಅದರ ಒತ್ತಡದ ಮಿತಿ ಮ್ಯಾಗ್ನಮ್ಮಿನದರ ಅರ್ಧಕ್ಕಿಂತ ಕಡಿಮೆ. ನಳಿಗೆ ಮೂರೇ ಇಂಚಿದ್ದರೂ ಬೆಂಕಿ ಅಷ್ಟು ದೊಡ್ಡದಾಗುವುದಿಲ್ಲ.

ರಿವಾಲ್ವರಿನಲ್ಲಿ ಬೆಂಕಿ ಇನ್ನೊಂದು ಕಡೆಯಿಂದಲೂ ಬರುತ್ತದೆ. ಗುಂಡುಗಳನ್ನು ಹೊತ್ತು ತಿರುಗುವ ಸಿಲಿಂಡರಿಗೂ ನಳಿಗೆಯ ಹಿಂಬದಿಗೂ ನಡುವೆ ಕೂದಲೆಳೆಯಷ್ಟು, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಸಂದು ಇರಲೇಬೇಕು. ಇಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಗುಂಡು ಈ ಸಂದನ್ನು ದಾಟುವ ಹೊತ್ತಿಗೆ ಒತ್ತಡ ಇನ್ನೂ ಏರುಮಟ್ಟದಲ್ಲಿರುತ್ತದೆ. ಆಗ ಬಿಸಿ ಅನಿಲ ತೆಳುವಾದ ಹಾಳೆಯಂತೆ ಎಡಬಲಕ್ಕೆ ಚಿಮ್ಮುತ್ತದೆ. ಕತ್ತಲಲ್ಲಿ ತೆಗೆದ ಚಿತ್ರಗಳಲ್ಲಿ ರಿವಾಲ್ವರಿನ ಮುಂದೊಂದು, ಪಕ್ಕಗಳಲ್ಲಿ ಎರಡು ಬೆಂಕಿ ಕಾಣುವುದು ಇದೇ ಕಾರಣಕ್ಕೆ. ಪಕ್ಕದ ಬೆಂಕಿ ಗುಂಡು ಹೊಡೆಯುವವರ ಕಣ್ಣಿಗೆ ಇನ್ನಷ್ಟು ಹತ್ತಿರ. ಸಿಲಿಂಡರಿನ ಮುಂಭಾಗಕ್ಕೆ ಬೆರಳು ಚಾಚಿ ಹಿಡಿದರೆ ಸುಟ್ಟು ಸೀಳಿಹೋಗುವ ಅಪಾಯವೂ ಉಂಟು.

ಕೆಲವು ಸ್ಪರ್ಧಾ ಪಿಸ್ತೂಲುಗಳಲ್ಲಿ ನಳಿಗೆಯ ತುದಿಯ ಮೇಲ್ಭಾಗಕ್ಕೆ ರಂಧ್ರ ಕೊರೆದಿರುತ್ತಾರೆ ಅಥವಾ ಕಾಂಪೆನ್ಸೇಟರ್ ಜೋಡಿಸಿರುತ್ತಾರೆ. ಅನಿಲವನ್ನು ಮೇಲಕ್ಕೆ ಬಿಟ್ಟು ಪಿಸ್ತೂಲು ಎಗರದಂತೆ ಒತ್ತಿಹಿಡಿಯುವುದು ಅವುಗಳ ಕೆಲಸ. ಆದರೆ ಕತ್ತಲಲ್ಲಿ ಈ ಅನುಕೂಲಕ್ಕೆ ಬೆಲೆ ತೆರಬೇಕಾಗುತ್ತದೆ: ಬೆಂಕಿ ನೇರವಾಗಿ ಗುರಿಹಿಡಿದ ಕಣ್ಣಿನ ಎದುರಿಗೇ ಏಳುತ್ತದೆ.

## ಮದ್ದನ್ನು ಪಳಗಿಸಿದ ಕಥೆ

ಶತಮಾನಗಳ ಕಾಲ ಬಂದೂಕುಗಳಿಗೆ ತುಂಬುತ್ತಿದ್ದುದು ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ತೂಕದಲ್ಲಿ ಹೆಚ್ಚುಕಡಿಮೆ 75:15:10ರ ಪ್ರಮಾಣ. ಅದರಲ್ಲಿ ಹೊಗೆಯೂ ಬಹಳ, ಕಿಡಿಗಳೂ ಬಹಳ. ನಾಲ್ಕಾರು ಈಡು ಹೊಡೆದರೆ ಮುಂದಿನದೇನೂ ಕಾಣದಷ್ಟು ಬಿಳಿಹೊಗೆ ಕವಿಯುತ್ತಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ನೈಟ್ರೋಸೆಲ್ಯುಲೋಸ್ ಬಳಸಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದರು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೋಗ್ಲಿಸರಿನ್ ಸೇರಿಸಿದ ಬ್ಯಾಲಿಸ್ಟೈಟ್ ತಂದರು. 1889ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವರ್ ಕಾರ್ಡೈಟ್ ರೂಪಿಸಿದರು. ಭಾರತದಲ್ಲಿ ಕಾರ್ಡೈಟ್ ತಯಾರಿಸಲು ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ಆರಿಸಿಕೊಂಡ ಜಾಗ ಮೈಸೂರು ಸೀಮೆಗೆ ಹೊಂದಿಕೊಂಡ ನೀಲಗಿರಿಯ ಅರುವಂಕಾಡು. ಕೂನೂರು–ಊಟಿ ರೈಲಿನಲ್ಲಿ ಹೋಗುವವರಿಗೆ ಆ ಊರಿನ ನಿಲ್ದಾಣ ಇಂದಿಗೂ ದಾರಿಯಲ್ಲಿ ಸಿಗುತ್ತದೆ.

ಹೊಗೆ ಹೋದರೂ ಬೆಂಕಿ ಹೋಗಲಿಲ್ಲ. ನೈಟ್ರೋಗ್ಲಿಸರಿನ್ ಬೆರೆತ ಮದ್ದು ಹೆಚ್ಚು ಶಕ್ತಿಯದು, ಹಾಗೆಯೇ ಹೆಚ್ಚು ಬಿಸಿಯದು. ಬೆಂಕಿಯನ್ನು ತಗ್ಗಿಸಲು ರಸಾಯನಶಾಸ್ತ್ರಜ್ಞರು ಎರಡು ದಾರಿ ಹಿಡಿದರು. ದೊಡ್ಡ ತೋಪುಗಳಿಗೆ ನೈಟ್ರೋಗ್ವಾನಿಡಿನ್ ಸೇರಿಸಿ ಉರಿಯ ಶಾಖವನ್ನೇ ಇಳಿಸಿದರು. ಸಣ್ಣ ಕಾಡತೂಸುಗಳ ಮದ್ದಿಗೆ ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ನೈಟ್ರೇಟ್‌ನಂಥ ಲವಣಗಳನ್ನು ಚೂರು ಬೆರೆಸಿದರು. ಹೈಡ್ರೋಜನ್ ಗಾಳಿಯಲ್ಲಿ ಉರಿಯುವುದು ಸರಪಳಿ ಕ್ರಿಯೆಯಿಂದ. ಪೊಟ್ಯಾಸಿಯಂ ಆ ಸರಪಳಿಯ ಕೊಂಡಿಗಳನ್ನು ಕಡಿಯುತ್ತದೆ, ದ್ವಿತೀಯ ಮಿಂಚು ಹೊತ್ತಿಕೊಳ್ಳುವುದೇ ಇಲ್ಲ. ಪೊಲೀಸರಿಗೆಂದು, ಆತ್ಮರಕ್ಷಣೆಗೆಂದು ಮಾರುವ ಇಂದಿನ ಎಷ್ಟೋ ಕಾಡತೂಸುಗಳಲ್ಲಿ ಕಡಿಮೆ ಬೆಂಕಿಯ ಇಂಥ ಮದ್ದೇ ಇರುತ್ತದೆ. ಅವುಗಳನ್ನು ಕತ್ತಲಲ್ಲಿ ಹಾರಿಸಿದರೆ ಕಾಣುವುದು ನಳಿಗೆಯ ತುದಿಯಲ್ಲಿ ಚಿಕ್ಕದೊಂದು ಕಿತ್ತಳೆ ಹೊಳಪು, ಒಂದಷ್ಟು ಕಿಡಿ.

## ಕತ್ತಲಿಗೆ ಒಗ್ಗುವ ಕಣ್ಣು

ಬೆಂಕಿ ಎಷ್ಟು ದೊಡ್ಡದೆಂಬುದು ಅರ್ಧ ಮಾತು. ಅದನ್ನು ನೋಡುವ ಕಣ್ಣು ಯಾವ ಸ್ಥಿತಿಯಲ್ಲಿದೆ ಎಂಬುದು ಉಳಿದರ್ಧ. ಅಕ್ಷಿಪಟಲದಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಶಂಕು ಕೋಶಗಳು ಸುಮಾರು 60 ಲಕ್ಷ. ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಹಗಲಿನಲ್ಲಿ ತೋರಿಸುವವು. ದಂಡ ಕೋಶಗಳು ಸುಮಾರು ಒಂಬತ್ತರಿಂದ ಹನ್ನೆರಡು ಕೋಟಿ. ಮಂದ ಬೆಳಕಿಗೆ ಮೀಸಲಾದವು. ದಂಡ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಅದರ ತಯಾರಿಗೆ ಎ ಜೀವಸತ್ವ ಬೇಕು. ಈ ಸಂಬಂಧವನ್ನು ಬಿಡಿಸಿಟ್ಟ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುವುದಕ್ಕೂ ಕಾರಣ ಇದೇ.

ಬೆಳಕಿನಿಂದ ಕತ್ತಲಿಗೆ ಬಂದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಎಂಟು-ಹತ್ತು ನಿಮಿಷಗಳಲ್ಲಿ ಶಂಕು ಕೋಶಗಳು ತಮ್ಮ ಮಿತಿ ಮುಟ್ಟುತ್ತವೆ. ದಂಡ ಕೋಶಗಳು ಪೂರ್ತಿ ಚುರುಕಾಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಕಣ್ಣು ಮೊದಲಿಗಿಂತ ಲಕ್ಷ ಪಟ್ಟಿನಷ್ಟು ಸೂಕ್ಷ್ಮವಾಗಿರುತ್ತದೆ.

ಇಲ್ಲೊಂದು ತೊಡಕಿದೆ. ನಾವು ಏನನ್ನಾದರೂ ನೆಟ್ಟಗೆ ನೋಡುವಾಗ ಬಳಸುವ ಅಕ್ಷಿಪಟಲದ ನಟ್ಟನಡುವಿನ ಬಿಂದುವಿನಲ್ಲಿ ದಂಡ ಕೋಶಗಳೇ ಇಲ್ಲ. ಗಾಢ ಕತ್ತಲಲ್ಲಿ ನೇರ ದಿಟ್ಟಿಸಿದ ವಸ್ತು ಮಾಯವಾಗಿ, ಓರೆಗಣ್ಣಿಗೆ ಮಸುಕಾಗಿ ಕಾಣುತ್ತದೆ. ಗುರಿಯಿಡುವುದೆಂದರೆ ನೇರ ದಿಟ್ಟಿಸುವುದು. ಪಿಸ್ತೂಲಿನ ಕಪ್ಪು ಲೋಹದ ಗುರಿಮೊನೆಯನ್ನು ಕಾಣಬೇಕಾದ ಜಾಗದಲ್ಲೇ ರಾತ್ರಿಯ ಕಣ್ಣು ಕುರುಡಾಗಿರುತ್ತದೆ. ಕತ್ತಲಲ್ಲಿ ಗುರಿ ತಪ್ಪಿಸುವ ಮೊದಲ ಕಾರಣ ಇದು; ಮಿಂಚು ಬರುವುದು ಆಮೇಲೆ.

## ಮಿಂಚು ಕಣ್ಣಿಗೆ ಬಡಿದಾಗ

ತೀರಾ ಚಿಕ್ಕ ಅವಧಿಯ ಬೆಳಕನ್ನು ಕಣ್ಣು ಅದರ ಪ್ರಖರತೆಯಿಂದಷ್ಟೇ ಅಳೆಯುವುದಿಲ್ಲ. ಪ್ರಖರತೆ ಮತ್ತು ಅವಧಿ ಎರಡನ್ನೂ ಗುಣಿಸಿ ಬಂದ ಮೊತ್ತವನ್ನು ಗ್ರಹಿಸುತ್ತದೆ. 1885ರಲ್ಲಿ ಫ್ರಾನ್ಸಿನಲ್ಲಿ ಗುರುತಿಸಲಾದ ಈ ನಿಯಮಕ್ಕೆ ಬ್ಲಾಕ್ ನಿಯಮ ಎಂದು ಹೆಸರು. ಮಂದ ಬೆಳಕಿನಲ್ಲಿ ಇದು ಸುಮಾರು ಹತ್ತನೇ ಒಂದು ಸೆಕೆಂಡಿನವರೆಗೆ ಅನ್ವಯಿಸುತ್ತದೆ. ಪಿಸ್ತೂಲಿನ ಮಿಂಚು ಎಷ್ಟೇ ಪ್ರಖರವಾಗಿದ್ದರೂ ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲೇ ಮುಗಿಯುವುದರಿಂದ ಅದರ ಒಟ್ಟು ಬೆಳಕು ನಾವು ಅಂದುಕೊಳ್ಳುವಷ್ಟು ಹೆಚ್ಚಿಲ್ಲ. ರೊಡಾಪ್ಸಿನ್ ಪೂರ್ತಿ ಕರಗಿಹೋಗಿ ಮತ್ತೆ ಅರ್ಧ ಗಂಟೆ ಕಾಯಬೇಕಾದ ಸ್ಥಿತಿ ಒಂದು ಸಾಮಾನ್ಯ ಈಡಿನಿಂದ ಬರುವುದಿಲ್ಲ.

ಹಾಗೆಂದು ಏನೂ ಆಗುವುದಿಲ್ಲ ಎನ್ನುವಂತಿಲ್ಲ. ನರಮಂಡಲದ ಮಟ್ಟದಲ್ಲಿ ಕಣ್ಣು ತಟ್ಟನೆ ಮಂಕಾಗುತ್ತದೆ. ಬೆಂಕಿಯ ಆಕಾರದ ಮಚ್ಚೆ ದೃಷ್ಟಿಯ ನಡುವೆ ಉಳಿದು, ಎತ್ತ ತಿರುಗಿದರೂ ಜೊತೆಗೇ ತಿರುಗುತ್ತದೆ. ಪಿಸ್ತೂಲಿನ ಬಾಯಿ ಕಣ್ಣಿನಿಂದ ಒಂದು ತೋಳಿನಷ್ಟೇ ದೂರ. ಗುರಿಯಿಟ್ಟು ನೋಡುವ ರೇಖೆಯೂ ಅಲ್ಲಿಯೇ. ಹಾಗಾಗಿ ಮಚ್ಚೆ ಬೀಳುವುದು ನೋಡಲು ಅತಿ ಬೇಕಾದ ಜಾಗದ ಮೇಲೆಯೇ. ಒದೆತಕ್ಕೆ ಎಗರಿದ ಪಿಸ್ತೂಲನ್ನು ಮತ್ತೆ ಗುರಿಗೆ ತರಲು ಪಳಗಿದವರಿಗೂ ಕಾಲು ಸೆಕೆಂಡು, ಅರ್ಧ ಸೆಕೆಂಡು ಬೇಕು. ಎರಡನೆಯ ಈಡಿನ ಹೊತ್ತಿಗೆ ಮಚ್ಚೆ ಇನ್ನೂ ಮಾಸಿರುವುದಿಲ್ಲ. ಮೂರನೆಯದು, ನಾಲ್ಕನೆಯದು ಸೇರಿದಂತೆ ತೊಡಕು ಹೆಚ್ಚುತ್ತದೆ.

ರೆಪ್ಪೆ ಇದನ್ನು ತಡೆಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ದೊಡ್ಡ ಸದ್ದಿಗೆ ರೆಪ್ಪೆ ತಾನಾಗಿ ಮುಚ್ಚಲಾರಂಭಿಸಲು ಸೆಕೆಂಡಿನ ಸಾವಿರದ 30–50 ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಬೆಂಕಿ ಹುಟ್ಟಿ ಆರಿ ಆಗಿರುತ್ತದೆ. ಪಾಪೆ ಕಿರಿದಾಗಲು ಇನ್ನೂ ಹೆಚ್ಚು ಸಮಯ ಬೇಕು. ಗುಂಡು ಹಾರಿಸಿದರೂ ಬೆಂಕಿಯೇ ಕಾಣಲಿಲ್ಲ ಎನ್ನುವ ಹೊಸಬರು ಬಹುಶಃ ಸದ್ದಿಗೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿರುತ್ತಾರೆ. ಗುರಿ ತಪ್ಪಿಸುವ ಈ ಅಭ್ಯಾಸವನ್ನು ಬಿಡಿಸುವುದು ತರಬೇತುದಾರರ ಮೊದಲ ಕೆಲಸಗಳಲ್ಲೊಂದು.

ತುಸು ಬೆಳಕಿರುವ ಕಡೆ ಲೆಕ್ಕ ಬದಲಾಗುತ್ತದೆ. ಬೀದಿದೀಪದ ರಸ್ತೆ, ಟ್ಯೂಬ್‌ಲೈಟ್ ಉರಿಯುವ ಓಣಿ, ವಾಹನದ ಹೆಡ್‌ಲೈಟ್ ಬಿದ್ದ ಜಾಗ ಇಲ್ಲೆಲ್ಲ ಕಣ್ಣು ಪೂರ್ತಿ ಕತ್ತಲಿಗೆ ಒಗ್ಗಿಯೇ ಇರುವುದಿಲ್ಲ. ಅಲ್ಲಿ ಮಿಂಚು ಕಂಡರೂ ಕಾಟ ಕೊಡುವುದು ಕಡಿಮೆ. ನಗರಗಳಲ್ಲಿ ಪೊಲೀಸರು ಎದುರಿಸುವ ರಾತ್ರಿ ಬಹುಪಾಲು ಇಂಥ ಅರೆಗತ್ತಲಿನದು.

## ಫೋಟೊ ಮತ್ತು ಸಿನಿಮಾದ ಬೆಂಕಿ

ಮಿಂಚಿನ ಭಯ ಬೆಳೆದದ್ದರಲ್ಲಿ ಚಿತ್ರಗಳ ಪಾತ್ರ ದೊಡ್ಡದು. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಶಟರ್ ತೆರೆದಿಟ್ಟು ಗುಂಡು ಹಾರಿಸಿದರೆ ಬೆಂಕಿಯ ಎಲ್ಲ ಹಂತಗಳೂ ಎಲ್ಲ ಕಿಡಿಗಳೂ ಒಂದೇ ಚಿತ್ರದಲ್ಲಿ ಒಟ್ಟುಗೂಡುತ್ತವೆ. ಒಂದು ಕಾಡತೂಸನ್ನು ಇನ್ನೊಂದರೊಡನೆ ಹೋಲಿಸಲು ಅದು ಒಳ್ಳೆಯ ವಿಧಾನ. ಕಣ್ಣಿಗೆ ಕಾಣುವುದೇ ಅದು ಎಂದುಕೊಳ್ಳುವುದು ತಪ್ಪು. ಸಿನಿಮಾದಲ್ಲಿ ಬಳಸುವ ಗುಂಡಿಲ್ಲದ ಕಾಡತೂಸುಗಳಿಗೆ ಬೆಂಕಿ ಎದ್ದು ಕಾಣಲೆಂದೇ ಬೇರೆ ಬಗೆಯಲ್ಲಿ ಮದ್ದು ತುಂಬುತ್ತಾರೆ. ಈಗೀಗ ಬೆಂಕಿಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದೇ ಹೆಚ್ಚು.

ಒಲಿಂಪಿಕ್ಸ್ ನೋಡುವವರಿಗೆ ಬೆಂಕಿ ಕಾಣದಿರುವುದಕ್ಕೂ ಕಾರಣವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ 10 ಮೀಟರ್ ಸ್ಪರ್ಧೆಯದು ಏರ್ ಪಿಸ್ತೂಲು. ಅದರಲ್ಲಿ ಗುಂಡನ್ನು ತಳ್ಳುವುದು ಒತ್ತಿದ ಗಾಳಿ; ಮದ್ದೇ ಇಲ್ಲ. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ್‍ಯಾಪಿಡ್ ಫೈರ್ ಸ್ಪರ್ಧೆಯಲ್ಲಿ .22 ಕಾಡತೂಸು ಬಳಸುತ್ತಾರೆ. ಅದರ ಮದ್ದು ಚಿಟಿಕೆಯಷ್ಟು, ರೇಂಜಿನಲ್ಲಿ ಬೆಳಕು ಧಾರಾಳ.

## ಕಾಣದ ಗುರಿಗೆ ಕಂಡುಕೊಂಡ ಉಪಾಯಗಳು

ಕತ್ತಲಲ್ಲಿ ಕೈಬಂದೂಕು ಬಳಸುವ ಬಗ್ಗೆ ಗಂಭೀರವಾಗಿ ಯೋಚಿಸಿದ ಮೊದಲಿಗರಲ್ಲಿ ಶಾಂಘೈ ಮುನಿಸಿಪಲ್ ಪೊಲೀಸಿನ ವಿಲಿಯಂ ಫೇರ್‌ಬೈರ್ನ್ ಮತ್ತು ಎರಿಕ್ ಸೈಕ್ಸ್ ಮುಖ್ಯರು. ಅಪರಾಧ ತುಂಬಿದ್ದ ಆ ಬಂದರುನಗರದ ಇಕ್ಕಟ್ಟಾದ ಓಣಿಗಳಲ್ಲಿ, ಕತ್ತಲ ಮೆಟ್ಟಿಲುಗಳಲ್ಲಿ ಗುರಿಮೊನೆ ನೋಡಲು ಬೆಳಕೂ ಇರುವುದಿಲ್ಲ, ಸಮಯವೂ ಇರುವುದಿಲ್ಲ ಎಂದು ಅವರು ಅನುಭವದಿಂದ ಅರಿತರು. ಹತ್ತಿರದ ಗುರಿಗೆ ಕೈಯನ್ನೇ ನೆಚ್ಚಿ ತೋರುಬೆರಳಿನಂತೆ ಪಿಸ್ತೂಲು ಚಾಚುವ ವಿಧಾನವನ್ನು ಪೊಲೀಸರಿಗೆ ಕಲಿಸಿ, 1942ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು.

ಆಮೇಲೆ ಟ್ರಿಟಿಯಂ ತುಂಬಿದ ಗುರಿಮೊನೆಗಳು ಬಂದವು. ಟ್ರಿಟಿಯಂ ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಅದರಿಂದ ಹೊರಡುವ ಕಣಗಳು ಚಿಕ್ಕ ಗಾಜಿನ ಕೊಳವೆಯ ಒಳಲೇಪನಕ್ಕೆ ತಾಗಿ ಹಸಿರು ಹೊಳಪು ಕೊಡುತ್ತವೆ. ಬ್ಯಾಟರಿ ಬೇಡ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದ್ದರಿಂದ ಅಷ್ಟು ಕಾಲಕ್ಕೆ ಹೊಳಪು ಅರ್ಧಕ್ಕಿಳಿಯುತ್ತದೆ. ಮಿಂಚಿನ ಮಚ್ಚೆ ಉಳಿದಿದ್ದರೂ ಈ ಚುಕ್ಕೆಗಳನ್ನು ಹುಡುಕಿ ಹಿಡಿಯಬಹುದು. ಇತ್ತೀಚೆಗೆ ಕೆಂಪು ಚುಕ್ಕೆಯ ದೃಗ್ಯಂತ್ರಗಳು ಪಿಸ್ತೂಲುಗಳ ಮೇಲೂ ಏರಿವೆ. ಇವೆಲ್ಲ ಪಿಸ್ತೂಲು ಎತ್ತ ನೋಡುತ್ತಿದೆ ಎಂದು ತೋರಿಸುತ್ತವೆ. ಎದುರಿಗಿರುವುದು ಏನೆಂದು ತೋರಿಸುವ ಶಕ್ತಿ ಇವುಗಳಿಗಿಲ್ಲ.

ಅದನ್ನು ತೋರಿಸಬಲ್ಲದ್ದು ಟಾರ್ಚ್. ಅದನ್ನು ಇನ್ನೊಂದು ಕೈಯಲ್ಲಿ ಹಿಡಿಯುವ, ಮೈಯಿಂದ ದೂರ ಚಾಚುವ, ಪಿಸ್ತೂಲಿನ ಕೆಳಗೇ ಜೋಡಿಸುವ ಹಲವು ಪದ್ಧತಿಗಳು ಪೊಲೀಸ್ ತರಬೇತಿಯಲ್ಲಿವೆ. ಟಾರ್ಚ್ ಹೊತ್ತಿದ ಕೂಡಲೇ ಹೊತ್ತಿಸಿದವರ ಕಣ್ಣೂ ಬೆಳಕಿಗೆ ಒಗ್ಗತೊಡಗುತ್ತದೆ. ಆಮೇಲೆ ಬರುವ ಮಿಂಚಿನ ಹೊಡೆತ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಇಂದಿನ ಸಾವಿರ ಲೂಮೆನ್ ಟಾರ್ಚನ್ನು ಸಣ್ಣ ಕೋಣೆಯ ಸುಣ್ಣ ಬಳಿದ ಗೋಡೆಗೆ ಬಿಟ್ಟರೆ ಮರಳಿ ಬರುವ ಬೆಳಕು ಕಣ್ಣಿಗೆ ಮಿಂಚಿಗಿಂತ ಹೆಚ್ಚು ತೊಂದರೆ ಕೊಡಬಲ್ಲದು. ಮಿಂಚು ಕ್ಷಣದಲ್ಲಿ ಆರುತ್ತದೆ, ಟಾರ್ಚ್ ಉರಿಯುತ್ತಲೇ ಇರುತ್ತದೆ. ಟಾರ್ಚನ್ನು ಪಿಸ್ತೂಲಿಗೇ ಜೋಡಿಸಿದಾಗ ಇನ್ನೊಂದು ಎಚ್ಚರ ಬೇಕು: ಬೆಳಕು ಬಿಟ್ಟ ಕಡೆಗೆಲ್ಲ ನಳಿಗೆಯ ಬಾಯಿಯೂ ತಿರುಗುತ್ತದೆ.

## ಎದುರಿನವರಿಗೆ ಸಿಗುವ ಗುರುತು

ಗುಂಡು ಹೊಡೆದವರಿಗೆ ತೊಡಕಾಗುವ ಬೆಂಕಿ ಎದುರಾಳಿಗೆ ಸುಳಿವು. ಮೊದಲನೆಯ ಮಹಾಯುದ್ಧದಲ್ಲಿ ಬೇರೆಬೇರೆ ಕಾವಲುಠಾಣೆಗಳಿಂದ ಶತ್ರು ತೋಪಿನ ಮಿಂಚಿನ ದಿಕ್ಕನ್ನು ಅಳೆದು, ನಕ್ಷೆಯ ಮೇಲೆ ಗೆರೆಗಳನ್ನೆಳೆದು, ಅವು ಕೂಡಿದಲ್ಲಿ ತೋಪಿದೆ ಎಂದು ಪತ್ತೆಹಚ್ಚುತ್ತಿದ್ದರು. ಇಂದು ಅದೇ ಕೆಲಸವನ್ನು ಅವಗೆಂಪು ಕಿರಣಗಳನ್ನು ಗ್ರಹಿಸುವ ಸಾಧನಗಳು ಮಾಡುತ್ತವೆ. ರೈಫಲ್ ಮತ್ತು ಮೆಷಿನ್‌ಗನ್ನುಗಳ ಬಾಯಿಗೆ ಮಿಂಚು ತಗ್ಗಿಸುವ ತುದಿಗಳನ್ನು ಜೋಡಿಸುವ ರೂಢಿ ಬಂದದ್ದು ಇದರಿಂದ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಂದ ಲೀ-ಎನ್‌ಫೀಲ್ಡ್ ‘ಜಂಗಲ್ ಕಾರ್ಬೈನ್’ನ ತುದಿಯ ಆಲಿಕೆಯಾಕಾರ, ಎಂ-16 ರೈಫಲ್ಲಿನ ತುದಿಯ ಪಂಜರದಂಥ ಸೀಳುಗಳು ಇದೇ ಕೆಲಸದವು. ಸೊಂಟದ ಚೀಲದಿಂದ ಬೇಗ ಹಿರಿಯಬೇಕಾದ ಪಿಸ್ತೂಲಿಗೆ ಇಂಥ ತುದಿ ಅನುಕೂಲವಲ್ಲ. ಹಾಗಾಗಿ ಪಿಸ್ತೂಲಿನಲ್ಲಿ ಬೆಂಕಿ ತಗ್ಗಿಸುವ ಹೊಣೆ ಹೆಚ್ಚಾಗಿ ಮದ್ದಿನ ಮೇಲೆಯೇ ಬೀಳುತ್ತದೆ.

## ಆ ಬೆಳಕಿನಲ್ಲಿ ಮುಖ ಕಾಣುತ್ತದೆಯೇ

ರಾತ್ರಿ ನಡೆದ ಅಪರಾಧಗಳ ವಿಚಾರಣೆಯಲ್ಲಿ ಸಾಕ್ಷಿ ಆರೋಪಿಯನ್ನು ಯಾವ ಬೆಳಕಿನಲ್ಲಿ ನೋಡಿದ ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ಸದಾ ಏಳುವ ಪ್ರಶ್ನೆ. ಬೆಳದಿಂಗಳಿತ್ತೇ, ಲಾಟೀನು ಇತ್ತೇ, ಟಾರ್ಚ್ ಇತ್ತೇ ಎಂದು ವಕೀಲರು ಸಾಕ್ಷಿಯನ್ನು ಜಾಲಾಡುತ್ತಾರೆ. ಬಂದೂಕಿನ ಬೆಂಕಿಯಲ್ಲಿ ಮುಖ ಕಂಡೆ ಎನ್ನುವ ಹೇಳಿಕೆಯನ್ನು ಒರೆಗೆ ಹಚ್ಚಲು ಮೇಲಿನ ವಿವರಗಳೇ ಸಾಕು. ಕಾಡತೂಸು ಯಾವುದು, ನಳಿಗೆ ಎಷ್ಟುದ್ದ, ಸಾಕ್ಷಿ ಎಷ್ಟು ದೂರದಲ್ಲಿದ್ದ, ಅವನ ಕಣ್ಣು ಕತ್ತಲಿಗೆ ಒಗ್ಗಿತ್ತೇ, ಮುಖ ಮೊದಲೇ ಪರಿಚಯದ್ದೇ ಎಂಬುದರ ಮೇಲೆ ಎಲ್ಲ ನಿಂತಿದೆ. ಬೆಂಕಿ ಹೆಚ್ಚಾಗಿ ಬೆಳಗುವುದು ಆಯುಧವನ್ನೂ ಅದನ್ನು ಹಿಡಿದ ಕೈಯನ್ನೂ. ಕಡಿಮೆ ಬೆಂಕಿಯ ಇಂದಿನ ಮದ್ದಿನಲ್ಲಿ ಅಪರಿಚಿತನ ಮುಖವನ್ನು ಗುರುತಿಟ್ಟುಕೊಳ್ಳುವಷ್ಟು ಬೆಳಕು ಸಿಕ್ಕಿತು ಎನ್ನುವುದನ್ನು ಎಚ್ಚರದಿಂದಲೇ ಒಪ್ಪಬೇಕು.

ಗುಂಡು ಹೊಡೆದವರ ಪಾಲಿಗೆ ಇನ್ನೂ ಕಠಿಣವಾದ ಸತ್ಯವೊಂದಿದೆ. ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು ಐದನೇ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 9 ಎಂಎಂ ಗುಂಡು 50 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಕೋಣೆಯ ಆಚೆ ತುದಿಯಲ್ಲಿ, ಐದು ಮೀಟರ್ ದೂರದಲ್ಲಿ ನಿಂತವರನ್ನು ಅದು ಸೆಕೆಂಡಿನ ನೂರರಲ್ಲಿ ಒಂದೂವರೆ ಭಾಗದಲ್ಲೇ ಮುಟ್ಟುತ್ತದೆ. ನಳಿಗೆಯ ಮಿಂಚು ಏನನ್ನೇ ತೋರಿಸಲಿ, ತೋರಿಸುವುದು ಗುಂಡು ಹೊರಟ ಮೇಲೆ. ಅದನ್ನು ನೋಡಿ ಕೈ ಹಿಂತೆಗೆಯಲು ಯಾರಿಗೂ ಸಾಧ್ಯವಿಲ್ಲ.

## ಕತ್ತಲೆ, ಕಾನೂನು, ಹೊಣೆ

2013ರ ಫೆಬ್ರುವರಿ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಓಟಗಾರ ಆಸ್ಕರ್ ಪಿಸ್ಟೋರಿಯಸ್ ತನ್ನ ಮನೆಯ ಶೌಚಾಲಯದ ಮುಚ್ಚಿದ ಬಾಗಿಲಿನತ್ತ 9 ಎಂಎಂ ಪಿಸ್ತೂಲಿನಿಂದ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವರು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್. ಅವರು ಪ್ರಾಣ ಬಿಟ್ಟರು. ಕಳ್ಳ ನುಗ್ಗಿದ್ದಾನೆಂದು ಭಾವಿಸಿದ್ದೆ ಎಂಬುದು ಅವನ ವಾದ. 2015ರ ಡಿಸೆಂಬರಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇದನ್ನು ಕೊಲೆಯೆಂದೇ ತೀರ್ಮಾನಿಸಿತು. ಬಾಗಿಲ ಹಿಂದೆ ಯಾರೇ ಇರಲಿ, ಗುಂಡು ಹೊಡೆದರೆ ಅವರು ಸಾಯಬಹುದೆಂದು ಅವನಿಗೆ ಗೊತ್ತಿತ್ತು ಎಂದು ನ್ಯಾಯಾಲಯ ಹೇಳಿತು.

ನಮ್ಮ ಮಲೆನಾಡು, ಕೊಡಗಿನ ಕಡೆ ಕೋವಿ ಮನೆಮಾತು. ರಾತ್ರಿ ಶಿಕಾರಿಗೆ ಹೋದವರು ಪೊದೆಯ ಸದ್ದನ್ನು ಹಂದಿಯೆಂದು ಬಗೆದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಬೇಟೆಯೇ ಅಪರಾಧ. ಜೀವ ಹೋದ ಮೇಲೆ ಉಳಿಯುವುದು ಎರಡು ಮನೆಗಳ ದುಃಖ, ಒಂದು ಮೊಕದ್ದಮೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪಿಸ್ತೂಲು, ರಿವಾಲ್ವರುಗಳಿಗೆ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರನ್ನು ಅಪಾಯಕ್ಕೊಡ್ಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಜನಪ್ರಿಯಗೊಳಿಸಿದ ನಾಲ್ಕು ಸುರಕ್ಷತಾ ನಿಯಮಗಳಲ್ಲಿ ಕೊನೆಯದು ಗುರಿಯ ಬಗ್ಗೆ ಖಚಿತವಾಗಿರಬೇಕು ಎನ್ನುತ್ತದೆ. ಕತ್ತಲಲ್ಲಿ ಈ ನಿಯಮದ ತೂಕ ಇಮ್ಮಡಿಯಾಗುತ್ತದೆ. ಕಡಿಮೆ ಬೆಂಕಿಯ ಕಾಡತೂಸು, ಹೊಳೆಯುವ ಗುರಿಮೊನೆ, ಒಳ್ಳೆಯ ಟಾರ್ಚ್ ಇವೆಲ್ಲ ಕೈಗೆ ನೆರವಾಗುತ್ತವೆ. ಮಿಂಚಿನಿಂದ ಕಣ್ಣಿಗಾಗುವ ತೊಂದರೆಯನ್ನು ಅಭ್ಯಾಸದಿಂದ ಎದುರಿಸಬಹುದು. ಆದರೆ ಆಯುಧ ಹಿಡಿದವರು ಎದುರಿಗೆ ಯಾರಿದ್ದಾರೆಂದು ಟ್ರಿಗರ್ ಎಳೆಯುವ ಮೊದಲೇ, ಬೇರೆ ಬೆಳಕಿನಲ್ಲಿ ತಿಳಿದಿರಬೇಕು. ತಿಳಿಯದಿದ್ದರೆ ಬೆರಳು ಟ್ರಿಗರಿನಿಂದ ಹೊರಗೇ ಇರಬೇಕು. ಪೊಲೀಸರಿರಲಿ, ಸೈನಿಕರಿರಲಿ, ಪರವಾನಗಿ ಪಡೆದ ಗೃಹಸ್ಥರಿರಲಿ, ಇದಕ್ಕೆ ವಿನಾಯಿತಿ ಯಾರಿಗೂ ಇಲ್ಲ.